ಬಸ್ಸು ಬಾರದ ತಂಗುದಾಣ

"ಸೆಲ್ಮಾ ಅಲ್ಲ ಕಣಮ್ಮ, ಹಿಲ್ಮಾ ಅಂತಿದ್ದಾಳೆ. ನಿನಗೆ ಕಿವಿ ಮಂದವಾ?" ಪಕ್ಕದಲ್ಲಿ ಕೂತ ಮುದುಕಿಯನ್ನು ತೋರಿಸಿ ಇಂಪಿ ಚಿಕ್ಕಮ್ಮ ಊಟದ ಕೋಣೆಯ ನಡುವೆಯೇ ಗದರಿದಳು.

ಟ್ರೂಡಿಯ ನಗು ಒಂದಿಷ್ಟೂ ಅಲುಗಲಿಲ್ಲ. 'ನಾರ್ತ್ ಲ್ಯಾಂಟರ್ನ್' ಎಂಬ ಆ ವೃದ್ಧರ ವಸತಿಯನ್ನು ನೋಡಲು ಬಂದವರಿಗೆಲ್ಲ ಸುತ್ತಾಡಿಸಿ ತೋರಿಸುವುದೇ ಅವಳ ಕೆಲಸ.

"ಸೆಲ್ಮಾಮ್ಮ ಒಮ್ಮೊಮ್ಮೆ ಏನೇನೋ ಹೇಳ್ತಾರೆ ಅಜ್ಜಿ. ಇಲ್ಲಿ ಅದೆಲ್ಲ ಮಾಮೂಲು. ನಾವು ಯಾರನ್ನೂ ತಿದ್ದಕ್ಕೆ ಹೋಗಲ್ಲ."

"ನಿನಗೆ ಫಿನ್ನಿಶ್ ಭಾಷೆ ಬರುತ್ತಾ?"

"ಇಲ್ಲ ಅಜ್ಜಿ."

"ಮತ್ತೆ ಅವಳು ಹೇಳ್ತಿರೋದು ಏನೇನೋ ಅಂತ ನಿನಗೆ ಹೇಗೆ ಗೊತ್ತಾಯ್ತು?"

ಸಿಲ್ವಿ ಹಕಾಲಾ ಚಿಕ್ಕಮ್ಮನ ತೋಳು ಹಿಡಿದು ಸುಮ್ಮನಿರಿಸಲು ಬಾಗಿದಳು. ಬಾಗಿದವಳ ಕಣ್ಣು ಮೇಜಿನ ಮೇಲಿದ್ದ ಆ ಮುದುಕಿಯ ಎಡಗೈ ಮೇಲೆ ಬಿತ್ತು. ಕಿರುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದ ಕಡೆ ನುಣುಪಾದ, ಬಿಳಿಚಿದ ಮೊಂಡು.

ಸಿಲ್ವಿಯ ಕೈ ಚಿಕ್ಕಮ್ಮನ ತೋಳಿನ ಮೇಲೆ ಹಾಗೇ ನಿಂತುಬಿಟ್ಟಿತು.

ಕಳೆದ ನವೆಂಬರಿನಲ್ಲಿ ಕಾಣೆಯಾದ ಹಿಲ್ಮಾ ನೀಮಿಯನ್ನು ಸುಪೀರಿಯರ್ ಸರೋವರ ನುಂಗಿತೆಂದು ಅಮೆರಿಕದ ಇಡೀ ಡುಲೂತ್ ಪಟ್ಟಣ ನಂಬಿತ್ತು. ಪೊಲೀಸ್ ಪತ್ತೇದಾರಳಾಗಿ ಸಿಲ್ವಿ ನಿವೃತ್ತಿಗೆ ಮುನ್ನ ತನಿಖೆ ಮಾಡಿದ ಕೊನೆಯ ಪ್ರಕರಣ ಅದು. 'ಅಮ್ಮ ಹಿಂದೆ ಮೀನಿಗೆ ಹೊಗೆ ಹಾಕಿ ಒಣಗಿಸೋ ಅಂಗಡೀಲಿ ಕೆಲಸಕ್ಕಿದ್ದಳು. ಎಡಗೈ ಕಿರುಬೆರಳಿನ ತುದಿ ಚಾಕುವಿಗೆ ಹೋಗಿದೆ. ಹೆಣ ಸಿಕ್ಕಿದರೆ ಅದರಿಂದಲೇ ಗುರುತು ಹಿಡೀಬಹುದು' ಎಂದು ಮಗಳು ಲೊರೇನ್ ಅಳುತ್ತ ಹೇಳಿದ್ದಳು. ಹೆಣ ಸಿಕ್ಕಿರಲಿಲ್ಲ.

ಈಗ ಆ ಕೈ ಏಲಕ್ಕಿ ಬ್ರೆಡ್ಡಿನ ಚೂರನ್ನು ಕಾಫಿಯಲ್ಲಿ ಅದ್ದುತ್ತಿತ್ತು.

"ನಿಮ್ಮ ಪೂರ್ತಿ ಹೆಸರೇನಮ್ಮ?" ಸಿಲ್ವಿ ತನ್ನ ಮನೆಮಾತಾದ ಫಿನ್ನಿಶ್‌ನಲ್ಲೇ ಕೇಳಿದಳು.

ಮುದುಕಿ ಕಣ್ಣೆತ್ತಿದಳು. ತಿಳಿನೀಲಿ ಕಣ್ಣು. ಪತ್ರಿಕೆಗಳಲ್ಲಿ ಬಂದಿದ್ದ ಹಳೆಯ ಚಿತ್ರದಲ್ಲಿ ಆ ಕಣ್ಣಿಗೆ ದಪ್ಪ ಕನ್ನಡಕವಿತ್ತು, ಕೂದಲಿಗೆ ಕಪ್ಪು ಬಣ್ಣವಿತ್ತು. ಈಗ ತಲೆ ಪೂರಾ ಬೆಳ್ಳಗೆ.

"ಹಿಲ್ಮಾ," ಎಂದಳು. ಆಮೇಲೆ ತುಂಬ ಹೊತ್ತು ಯೋಚಿಸಿದಳು. "ಮುಂದಿನದು ಎಲ್ಲೋ ಇಟ್ಟು ಮರೆತಿದ್ದೀನಿ."

*

ಸಿಲ್ವಿ ಅಲ್ಲಿಗೆ ಹೋದದ್ದು ಯಾವ ಅಪರಾಧದ ಜಾಡು ಹಿಡಿದೂ ಅಲ್ಲ. ತನ್ನನ್ನು ಸಾಕಿದ ಚಿಕ್ಕಮ್ಮನಿಗೆ ಒಂದು ಜಾಗ ಹುಡುಕಿಕೊಂಡು.

ಚಳಿಗಾಲದಲ್ಲಿ ಇಂಪಿ ಎರಡು ಸಲ ಒಲೆ ಹಚ್ಚಿ ಮರೆತಿದ್ದಳು. ಮೂರನೆಯ ಸಲ ಮನೆಯ ಚಪ್ಪಲಿಯಲ್ಲೇ ಹಿಮದ ರಸ್ತೆಗಿಳಿದು, ಎಂದೋ ಮುಚ್ಚಿಹೋದ ಬೇಕರಿಯ ಬಾಗಿಲು ಬಡಿಯುತ್ತ ನಿಂತಿದ್ದಳು. ವೈದ್ಯರು ಸುತ್ತಿ ಬಳಸಿ ಮಾತಾಡಲಿಲ್ಲ. ಇನ್ನು ಒಬ್ಬಳನ್ನೇ ಬಿಡುವಂತಿಲ್ಲ ಎಂದುಬಿಟ್ಟರು.

ನೋಡಿದ ಮೊದಲ ವಸತಿಯಲ್ಲಿ ನೆಲ ಒರೆಸುವ ಔಷಧದ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಇನ್ನೊಂದರಲ್ಲಿ ಎಲ್ಲರನ್ನೂ ಟಿ.ವಿ. ಮುಂದೆ ಸಾಲಾಗಿ ಕೂರಿಸಿದ್ದರು, ಟಿ.ವಿ. ಆರಿತ್ತು, ಯಾರಿಗೂ ಅದು ಗೊತ್ತಿರಲಿಲ್ಲ.

ನಾರ್ತ್ ಲ್ಯಾಂಟರ್ನ್ ಬೆಟ್ಟದ ಮೇಲಿತ್ತು. ಕಿಟಕಿಯಿಂದ ಸರೋವರ, ಒಡೆಯುತ್ತಿರುವ ಮಂಜುಗಡ್ಡೆ, ಅದರ ನಡುವೆ ವರ್ಷದ ಮೊದಲ ಅದಿರಿನ ಹಡಗು ಕಾಣುತ್ತಿತ್ತು. ಟ್ರೂಡಿ ಎಲ್ಲವನ್ನೂ ಹೆಮ್ಮೆಯಿಂದ ತೋರಿಸಿದ್ದಳು. ಹೊರಬಾಗಿಲಿಗೆ ಪುಸ್ತಕದ ಕಪಾಟಿನ ಚಿತ್ರ ಬರೆಸಿದ್ದರು. ಮರೆವಿನವರಿಗೆ ಅದು ಬಾಗಿಲೆಂದೇ ತಿಳಿಯುವುದಿಲ್ಲ, ದಾಟಲು ಹೋಗುವುದಿಲ್ಲ.

"ಓದೋಕೆ ಬರದವರು ಬಂದ್ರೆ ಒಳ್ಳೇದು," ಎಂದಿದ್ದಳು ಇಂಪಿ. "ನಾನಂತೂ ಪುಸ್ತಕ ಎಳೆಯೋಕೆ ಹೋಗಿ ಉಗುರು ಮುರ್ಕೊಳ್ತೀನಿ."

ಒಳಗಿನ ಓಣಿಯ ಕೊನೆಯಲ್ಲಿ ಒಂದು ಬಸ್ ತಂಗುದಾಣವಿತ್ತು. ಹಸಿರು ಬೆಂಚು, ಮೇಲೊಂದು ಸೂರು, ಕಂಬಕ್ಕೆ ಬಸ್ಸಿನ ಗುರುತಿನ ಫಲಕ. ಮನೆಗೆ ಹೋಗಬೇಕೆಂದು ಹಟ ಹಿಡಿದವರನ್ನು ಅಲ್ಲಿ ಕೂರಿಸುತ್ತಾರೆ. ಬಸ್ಸಿಗೆ ಕಾಯುತ್ತ ಕಾಯುತ್ತ ಎಲ್ಲಿಗೆ ಹೊರಟಿದ್ದೆವೆಂಬುದೇ ಅವರಿಗೆ ಮರೆತುಹೋಗುತ್ತದೆ.

"ತುಂಬಾ ಸಮಾಧಾನ ಆಗುತ್ತೆ ಎಲ್ಲರಿಗೂ," ಎಂದಿದ್ದಳು ಟ್ರೂಡಿ. "ಸೆಲ್ಮಾಮ್ಮ ಒಬ್ಬರು ಮಾತ್ರ ಈ ಕಡೆ ಸುಳಿಯಲ್ಲ. ಬಂದ ಹೊಸದರಲ್ಲಿ ಇಲ್ಲಿ ಕೂರಿಸಿದ್ವಿ. ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು. ಈಗ ಊಟಕ್ಕೆ ಹೋಗೋದಕ್ಕೂ ಆ ಕಡೆಯಿಂದ ಸುತ್ತು ಹಾಕ್ಕೊಂಡೇ ಹೋಗ್ತಾರೆ."

ಸಿಲ್ವಿ ಅದನ್ನು ಕೇಳಿ ಮುಂದೆ ನಡೆದಿದ್ದಳು. ಚಿಕ್ಕಮ್ಮ ಆ ಬೆಂಚಿನ ಮೇಲೆ ಕೂತ ಚಿತ್ರ ಕಣ್ಣ ಮುಂದೆ ಬಂದು, ಬೇರೇನನ್ನೂ ಯೋಚಿಸಲು ಆಗಿರಲಿಲ್ಲ.

ಈಗ ಯೋಚಿಸಿದಳು.

"ಇವರನ್ನ ಇಲ್ಲಿಗೆ ಸೇರಿಸಿದವರು ಯಾರು?" ಎಂದು ಟ್ರೂಡಿಯನ್ನು ಕೇಳಿದಳು, ಆದಷ್ಟು ಹಗುರವಾಗಿ.

"ಮಗ. ಆರ್ವೊ ಲೆಹ್ತೊ ಅಂತ. ಬಂದರಿನಲ್ಲಿ ಕ್ರೇನ್ ನಡೆಸ್ತಿದ್ದರಂತೆ. ಅಂಥ ಮಗ ಎಲ್ಲರಿಗೂ ಸಿಗಲಿ ಅಂತೀನಿ ನಾನು. ಒಂದು ಭಾನುವಾರವೂ ತಪ್ಪಿಸಲ್ಲ. ಮೀನಿನ ಸಾರು ಮಾಡ್ಕೊಂಡು ಬಂದು ಕೈಯಾರೆ ತಿನ್ನಿಸ್ತಾರೆ. ಇವತ್ತೂ ಇನ್ನೇನು ಬರ್ತಾರೆ, ನೀವೇ ನೋಡಿ."

ಸಿಲ್ವಿ ಓಣಿಗೆ ಬಂದು ಲೊರೇನಳಿಗೆ ಫೋನು ಮಾಡಿದಳು. ಕಾಣೆಯಾದವರ ಮನೆಗಳಿಗೆ ಅವಳು ಎಷ್ಟೋ ಸಲ ಫೋನು ಮಾಡಿದ್ದಳು. ಇಂಥ ಸುದ್ದಿ ಹೇಳುವ ಭಾಗ್ಯ ಒಮ್ಮೆಯೂ ಬಂದಿರಲಿಲ್ಲ.

"ಲೊರೇನ್, ಕೂತ್ಕೊಳ್ಳಿ. ನಿಮ್ಮಮ್ಮ ಬದುಕಿದ್ದಾರೆ ಅಂತ ಕಾಣುತ್ತೆ. ಬೆಟ್ಟದ ಮೇಲಿನ ನಾರ್ತ್ ಲ್ಯಾಂಟರ್ನ್‌ನಲ್ಲಿ, ನನ್ನೆದುರಿಗೇ ಇದ್ದಾರೆ. ಬನ್ನಿ."

ಫೋನು ಕಟ್ಟಾಯಿತೇನೋ ಎಂದು ಸಿಲ್ವಿ ಎರಡು ಸಲ ಹೆಸರು ಹಿಡಿದು ಕರೆದಳು.

"ಅಮ್ಮ ಏನಾದ್ರೂ ಹೇಳಿದ್ಳಾ?" ಕೊನೆಗೆ ಲೊರೇನ್ ಕೇಳಿದಳು.

"ಹೆಸರು ಹೇಳಿದ್ರು. ಅಷ್ಟೇ."

"ಬರ್ತಿದ್ದೀನಿ."

*

ಆರ್ವೊ ಲೆಹ್ತೊ ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಅರವತ್ತು ದಾಟಿತ್ತು. ಬಾಗಿಲಲ್ಲೇ ಬೂಟು ಕಳಚಿ, ಕಾಲುಚೀಲದಲ್ಲಿ ಸದ್ದಿಲ್ಲದೆ ನಡೆದು ಬಂದ. ಅವನನ್ನು ಕಂಡದ್ದೇ ಮುದುಕಿಯ ಮುಖ ಅರಳಿತು.

"ಬಂದ್ಯಾ ಮಗನೇ?"

"ಬಂದೆ ಅಮ್ಮ. ಸಾರು ಬಿಸಿ ಇದೆ, ನಿಧಾನ."

ಸಿಲ್ವಿ ಅವನ ಪಕ್ಕಕ್ಕೆ ಹೋಗಿ ನಿಂತು, ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು: "ನಾನು ಸಿಲ್ವಿ ಹಕಾಲಾ. ಮೊನ್ನೆ ಮೊನ್ನೆವರೆಗೂ ಪೊಲೀಸ್ ಇಲಾಖೆಯಲ್ಲಿದ್ದೆ. ಹಿಲ್ಮಾ ನೀಮಿಯನ್ನ ಹುಡುಕಿದವಳು."

ಅವನು ಓಡಲಿಲ್ಲ, ಬೆಚ್ಚಲೂ ಇಲ್ಲ. ಸಾರಿನ ಡಬ್ಬಿಯ ಮುಚ್ಚಳವನ್ನು ಮತ್ತೆ ತಿರುಗಿಸಿ ಬಿಗಿಮಾಡಿದ, ತಣ್ಣಗಾಗಬಾರದೆಂಬಂತೆ.

"ಆ ಕೋಣೆಗೆ ಹೋಗೋಣ ಮೇಡಂ," ಎಂದ. "ಅವರೆದುರಿಗೆ ಬೇಡ."

ಇಂಪಿ ಚಿಕ್ಕಮ್ಮ ಆಗಲೇ ಹಿಲ್ಮಾಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಿದ್ದಳು. "ಹೋಗು ಹೋಗು. ನಮಗೆ ನಮ್ಮ ಮಾತಿದೆ."

ಪಕ್ಕದ ಕೋಣೆಯಲ್ಲಿ ಗಾಜಿನ ಗೋಡೆ, ಬೆತ್ತದ ಕುರ್ಚಿಗಳು. ಅಲ್ಲಿಂದ ಇಬ್ಬರು ಮುದುಕಿಯರೂ ಕಾಣುತ್ತಿದ್ದರು. ಸಿಲ್ವಿ ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಳು. ಹಳೆಯ ಅಭ್ಯಾಸ.

"ನಿಮ್ಮ ತಾಯಿ ಸೆಲ್ಮಾ ಎಲ್ಲಿದ್ದಾರೆ ಆರ್ವೊ?"

"ಮನೆ ಹಿತ್ತಿಲಲ್ಲಿ, ಹಬೆ ಸ್ನಾನದ ಸೌನಾ ಹಿಂದೆ," ಎಂದ ಅವನು. "ಬರ್ಚ್ ಮರದ ಕೆಳಗೆ."

ಅವನೇ ಮುಂದುವರಿಸಿದ.

"ನಾನು ಕೊಲ್ಲಲಿಲ್ಲ ಮೇಡಂ. ಅಮ್ಮ ರಾತ್ರಿಯೆಲ್ಲ ನಡೀತಿದ್ಳು. ಒಂದೇ ಸಮ. ನಾನೂ ಹಿಂದೆ ಹಿಂದೆ ನಡೀತಿದ್ದೆ. ಇಲ್ಲಿ ಕೋಣೆ ಖಾಲಿ ಆಗಲಿ ಅಂತ ಹೆಸರು ಬರೆಸಿ ಕಾಯ್ತಾ ಇದ್ವಿ. ಇನ್ನೊಂದು ವಾರ, ಕೋಣೆ ಸಿಗುತ್ತೆ ಅಂದಿದ್ರು. ಆ ಬೆಳಿಗ್ಗೆ ನಂಗೆ ನಿದ್ದೆ ಬಂದುಬಿಡ್ತು. ಕುರ್ಚೀಲಿ ಕೂತವನು ಕೂತ ಹಾಗೇ. ಎದ್ದಾಗ ಬಾಗಿಲು ತೆಗೆದಿತ್ತು. ಹಿಮದಲ್ಲಿ ಅಂಗಾತ ಬಿದ್ದಿದ್ಳು. ಬರೀ ನೈಟಿಯಲ್ಲಿ."

"ಯಾರಿಗೂ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಮಲಗಿದ್ದೆ ಅಂತಾನಾ?" ಅವನು ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. "ಚಳಿಗೆ ನೆಲ ಗಟ್ಟಿಯಾಗೋಕೆ ಮುಂಚೆ ಹೂತುಬಿಟ್ಟೆ. ಆಮೇಲೆ ಮನೇಲಿ ಇರೋಕೆ ಆಗಲಿಲ್ಲ. ಗಾಡಿ ತಗೊಂಡು ಸುಮ್ಮನೆ ಸುತ್ತುತಿದ್ದೆ. ಹಾಗೆ ಸುತ್ತುವಾಗ ಇವರು ಕಂಡರು."

"ಎಲ್ಲಿ?"

"ಇಲ್ಲೇ ಮೇಲೆ. ಬೆಟ್ಟದ ಹಿಂಭಾಗದ ರಸ್ತೆಯ ಬಸ್ ತಂಗುದಾಣದಲ್ಲಿ. ಒಬ್ಬರೇ ಕೂತಿದ್ರು. ನಾನು ಹೋದಾಗಲೂ ಇದ್ರು, ಕತ್ತಲಾಗೋ ಹೊತ್ತಿಗೆ ಹಿಂದಿರುಗಿ ಬಂದಾಗಲೂ ಇದ್ರು. ಭಾನುವಾರ ಆ ದಾರೀಲಿ ಬಸ್ಸೇ ಇಲ್ಲ. ಗಾಡಿ ನಿಲ್ಲಿಸಿದೆ. ನನ್ನ ಮುಖ ನೋಡಿ, 'ಬಂದ್ಯಾ ಮಗನೇ' ಅಂದ್ರು."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ನಮ್ಮಮ್ಮ ನನ್ನ ಗುರುತು ಹಿಡಿದು ಎಷ್ಟು ಕಾಲ ಆಗಿತ್ತು ಗೊತ್ತಾ? ಕಳ್ಳ ಅಂತಿದ್ಳು ನನ್ನ. ಹೊಡೀತಿದ್ಳು. ಇವರು ಮಗನೇ ಅಂದ್ರು. ಮನೆಗೆ ಕರ್ಕೊಂಡು ಹೋದೆ. ಬೆಳಗಾದ ಮೇಲೆ ಪೊಲೀಸರಿಗೆ ತಿಳಿಸೋಣ ಅಂತಲೇ ಇದ್ದೆ. ಬೆಳಿಗ್ಗೆ ಅಮ್ಮನ ಹಾಸಿಗೇಲಿ ಮಲಗಿ ನಿದ್ದೆ ಮಾಡ್ತಿದ್ರು. ಅಷ್ಟರಲ್ಲಿ ಇಲ್ಲಿಂದ ಫೋನು. ಸೆಲ್ಮಾ ಲೆಹ್ತೊಗೆ ಕೋಣೆ ಸಿದ್ಧವಾಗಿದೆ, ಕರ್ಕೊಂಡು ಬನ್ನಿ ಅಂತ."

"ಪತ್ರಿಕೆಯಲ್ಲಿ ಚಿತ್ರ ಬಂದಿತ್ತು."

"ಬಂದಿತ್ತು. ಕಪ್ಪು ಕೂದಲು, ಕನ್ನಡಕ. ಇವರಲ್ಲ ಅಂದ್ಕೊಂಡೆ." ಅವನು ತಲೆ ಅಲ್ಲಾಡಿಸಿದ. "ಸುಳ್ಳು. ಇವರಲ್ಲ ಅಂತ ಅಂದ್ಕೊಳ್ಳೋಣ ಅಂತ ಅಂದ್ಕೊಂಡೆ. ಆಮೇಲೆ ನೀವೇ ಟಿ.ವಿ.ಲಿ ಹೇಳಿದ್ರಲ್ಲ, ಕಾಲುವೆ ಹತ್ತಿರ ಆ ಹೆಂಗಸಿನ ಕೆಂಪು ಸ್ಕಾರ್ಫು ಸಿಕ್ತು, ನೀರಿಗೆ ಬಿದ್ದಿರಬೇಕು ಅಂತ. ಸರಿ, ಆ ಹೆಂಗಸು ತೀರಿಹೋದ್ಳು, ಇವರು ಬೇರೆ ಅಂತ ನಂಬಿಕೊಂಡೆ."

ಸಿಲ್ವಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು.

"ಆ ಸ್ಕಾರ್ಫನ್ನ ಕಾಲುವೆ ಬಂಡೆಗಳ ನಡುವೆ ಹಾಕಿದ್ದು ನೀವಲ್ಲವಾ?"

"ನಾನಾ?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಾನು ಯಾಕೆ ಹಾಕಲಿ? ನಾನು ನೋಡಿದಾಗ ಇವರ ತಲೆ ಮೇಲೆ ಏನೂ ಇರಲಿಲ್ಲ. ಕಿವಿ ಎರಡೂ ಕೆಂಪಗೆ ಕೆಂಡದ ಹಾಗೆ ಆಗಿತ್ತು. ನನ್ನ ಟೋಪಿ ತೆಗೆದು ಹಾಕಿದೆ."

"ಕೈಯಲ್ಲಿ ಏನಿತ್ತು?"

"ಒಂದು ಚೀಲ. ಒಂದು ನೈಟಿ, ಒಂದು ಜೊತೆ ಒಳಬಟ್ಟೆ, ಬ್ರೆಡ್ಡಿನ ಪೊಟ್ಟಣ. ಮತ್ತೆ ಮಾತ್ರೆ ಸೀಸೆ." ಆರ್ವೊ ಗಾಜಿನಾಚೆ ಕಣ್ಣು ಹಾಯಿಸಿದ. "ಸೀಸೆ ಮೇಲಿನ ಹೆಸರು ಕಿತ್ತಿತ್ತು ಮೇಡಂ. ಉಗುರಲ್ಲಿ ಕೆರೆದು ಕೆರೆದು ತೆಗೆದಿದ್ರು ಯಾರೋ. ಕೋಟಿನ ಕುತ್ತಿಗೆ ಹತ್ತಿರದ ಹೆಸರಿನ ಪಟ್ಟಿಯನ್ನೂ ಕತ್ತರಿಸಿದ್ರು. ಅದನ್ನ ನೋಡಿ ನನಗನ್ನಿಸ್ತು, ಇವರು ಯಾರಿಗೂ ಬೇಡವಾದವರು. ನನಗೋ ಅಮ್ಮ ಇರಲಿಲ್ಲ."

ಗಾಜಿನ ಆಚೆ ಇಂಪಿ ಏನನ್ನೋ ಹೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಹಿಲ್ಮಾಳೂ ನಗುತ್ತಿದ್ದಳು, ಬಾಯಿಗೆ ಆ ಮೊಂಡು ಬೆರಳು ಅಡ್ಡ ಹಿಡಿದು.

ಬಸ್ ತಂಗುದಾಣ ಬೆಟ್ಟದ ಮೇಲೆ. ಸ್ಕಾರ್ಫು ಸಿಕ್ಕಿದ್ದು ಕೆಳಗೆ, ಪಟ್ಟಣದ ಆಚೆ ತುದಿಯಲ್ಲಿ, ಹಡಗುಗಳು ಒಳಬರುವ ಕಾಲುವೆಯ ಬಂಡೆಗಳ ನಡುವೆ. ಮರೆವಿನ ಮುದುಕಿಯೊಬ್ಬಳು ಅದನ್ನು ಅಲ್ಲಿ ಬಿಟ್ಟು, ಆ ಚಳಿಯಲ್ಲಿ ಇಷ್ಟು ದೂರ ಬೆಟ್ಟ ಹತ್ತಿ ಬರುವುದು ಸಾಧ್ಯವೇ ಇರಲಿಲ್ಲ.

'ಅಮ್ಮನಿಗೆ ಹಡಗು ನೋಡೋ ಹುಚ್ಚು. ಕಾಲುವೆ ಹತ್ತಿರ ಒಂದ್ಸಲ ನೋಡೋಣ' ಎಂದು ಪೊಲೀಸರನ್ನು ಅಲ್ಲಿಗೆ ಕರೆದೊಯ್ದದ್ದು ಯಾರು?

ಲೊರೇನ್.

ಬದುಕಿದ್ದಾರೆಂಬ ಸುದ್ದಿ ಕೇಳಿ, ಹೇಗಿದ್ದಾಳೆ ಎಂದು ಕೇಳದೆ, ಏನಾದರೂ ಹೇಳಿದಳಾ ಎಂದು ಕೇಳಿದವಳು. ಅವಳಿಗೆ ಈ ಜಾಗದ ಗುರುತು ಹೇಳಿ, ಬಾ ಎಂದು ಕರೆದವಳು ತಾನೇ.

"ನನ್ನನ್ನ ಕರ್ಕೊಂಡು ಹೋಗಿ ಮೇಡಂ," ಆರ್ವೊ ಹೇಳುತ್ತಿದ್ದ. "ನಾನು ಎಲ್ಲ ಒಪ್ಕೊಳ್ತೀನಿ. ಇವರನ್ನ ಮಾತ್ರ ಇಲ್ಲೇ ಇರೋಕೆ ಬಿಡಿ. ಈಗಷ್ಟೇ ಒಗ್ಗಿಕೊಂಡಿದ್ದಾರೆ."

"ಅದು ನನ್ನ ಕೈಲಿಲ್ಲ ಆರ್ವೊ. ಸೆಲ್ಮಾ ಇಲ್ಲ ಅಂದ ಮೇಲೆ ಸೆಲ್ಮಾಳ ಕೋಣೆಯೂ ಇಲ್ಲ. ಇವರಿಗೆ ಯಾರು ದಿಕ್ಕು ಅನ್ನೋದನ್ನ ಕಾನೂನು ಹೇಳುತ್ತೆ."

"ಯಾರು ದಿಕ್ಕು?"

ಕಾನೂನಿನ ಕಣ್ಣಿಗೆ ಹಿಲ್ಮಾಳಿಗೆ ಇದ್ದವಳು ಒಬ್ಬಳೇ ಮಗಳು.

"ಸಾರು ಕುಡಿಸಿ ಬರ್ಲಾ?" ಅವನು ಕೇಳಿದ. "ಆಮೇಲೆ ಹೋಗೋಣ."

ಬೇಡ ಎನ್ನಲು ಅವಳಿಂದ ಆಗಲಿಲ್ಲ.

*

ಅವನು ಚಮಚ ಹಿಡಿದು ಕುಳಿತ. ಹಿಲ್ಮಾ ಹಕ್ಕಿಮರಿಯಂತೆ ಬಾಯಿ ತೆರೆದಳು. ಇಂಪಿ ಸಿಲ್ವಿಯ ಕೋಟಿನ ತುದಿ ಹಿಡಿದು ಎಳೆದಳು.

"ಸಿಲ್ವಿ, ಒಂದು ಮಾತು."

"ಏನು ಚಿಕ್ಕಮ್ಮ?"

"ನನ್ನನ್ನೂ ಎಲ್ಲಾದ್ರೂ ಬಿಡಲೇಬೇಕು ನೀನು. ನಂಗೆ ಗೊತ್ತು. ಕೋಪ ಇಲ್ಲ. ಎಲ್ಲಿ ಬಿಟ್ಟರೂ ಬಿಡು, ನನ್ನ ಹೆಸರು ಮಾತ್ರ ಸರಿಯಾಗಿ ಹೇಳಿ ಬಿಡೇ."

ಸಿಲ್ವಿ ಅವಳ ಪಕ್ಕದಲ್ಲಿ ಮಂಡಿಯೂರಿದಳು. ನಿನ್ನನ್ನು ಎಲ್ಲೂ ಬಿಡುವುದಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಅವಳು ಆ ಒಣಗಿದ, ಹಗುರಾದ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಅಳಬೇಡ, ಮೂಗು ಕೆಂಪಾಗುತ್ತೆ," ಎಂದಳು ಇಂಪಿ. "ಮೊದಲೇ ನಿನ್ನ ಮೂಗು ದಪ್ಪ."

ಪುಸ್ತಕದ ಕಪಾಟು ತೆರೆದುಕೊಂಡಿತು. ಟ್ರೂಡಿಯ ಹಿಂದೆ ಲೊರೇನ್ ನೀಮಿ ಒಳಗೆ ಬಂದಳು.

ನವೆಂಬರಿನಲ್ಲಿ ಕಂಡದ್ದಕ್ಕಿಂತ ತುಂಬ ಇಳಿದುಹೋಗಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅವಸರದಲ್ಲಿ ಹೊರಟವಳಂತೆ ಕೋಟು ಸೊಟ್ಟಗೆ ತೊಟ್ಟಿದ್ದಳು. ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಬಾಗಿಲ ಬಳಿಯೇ ನಿಂತುಬಿಟ್ಟಳು.

ಸಿಲ್ವಿ ಎದ್ದು ಅವಳಿಗೂ ಮೇಜಿಗೂ ನಡುವೆ ಬಂದು ನಿಂತಳು. ಪೊಲೀಸ್ ಬಿಲ್ಲೆ ಈಗ ಅವಳಲ್ಲಿರಲಿಲ್ಲ. ನಿಲ್ಲುವ ರೀತಿ ಮಾತ್ರ ಹೋಗಿರಲಿಲ್ಲ.

"ಬನ್ನಿ ಲೊರೇನ್. ನೋಡಿ."

ಲೊರೇನ್ ನೋಡಿದಳು. ಬಿಳಿ ಕೂದಲು ನೋಡಿದಳು, ಸಾರು ಅಂಟಿದ ಗಲ್ಲ ನೋಡಿದಳು, ಮೇಜಿನ ಅಂಚು ಹಿಡಿದಿದ್ದ ಎಡಗೈಯನ್ನು ನೋಡಿದಳು. ಕೈಯ ಮೇಲೆ ಅವಳ ಕಣ್ಣು ತುಂಬ ಹೊತ್ತು ನಿಂತಿತ್ತು. ಆಮೇಲೆ ಸಿಲ್ವಿಯ ಕಡೆ ತಿರುಗಿದಳು.

"ಇವರು ನನ್ನ ತಾಯಿ ಅಲ್ಲ."

ಟ್ರೂಡಿಯ ನಗು ಮೊದಲ ಸಲ ಮುಖದಿಂದ ಜಾರಿತು. "ತಾಯಿನಾ? ಯಾರ ತಾಯಿ? ಇವರು ಸೆಲ್ಮಾಮ್ಮ ಅಲ್ವಾ?"

ಆರ್ವೊನ ಚಮಚ ಗಾಳಿಯಲ್ಲೇ ನಿಂತಿತ್ತು. ಅವನ ಮುಖದ ಮೇಲೆ ನಿಧಾನವಾಗಿ ಒಂದು ಆಸೆ ಮೂಡುತ್ತಿತ್ತು. ಅದನ್ನು ನೋಡಿ ಸಿಲ್ವಿಗೆ ಭಯವಾಯಿತು.

"ಇನ್ನೊಮ್ಮೆ ನೋಡಿ," ಎಂದಳು ಸಿಲ್ವಿ. "ಆ ಬೆರಳಿನ ಗುರುತು ನನಗೆ ಹೇಳಿದವರೇ ನೀವು."

"ನೋಡಿದೆ ಮೇಡಂ. ಅಲ್ಲ. ನನ್ನಮ್ಮ ಸರೋವರದಲ್ಲಿ ಹೋದ್ಳು. ನೀವೇ ವರದಿಗೆ ಸಹಿ ಹಾಕಿ ಕೊಟ್ಟಿದ್ದೀರಿ."

ಕುರ್ಚಿ ಸರಿದ ಸದ್ದಾಯಿತು. ಹಿಲ್ಮಾ ಮೇಜು ಹಿಡಿದು ಎದ್ದು ನಿಂತಿದ್ದಳು. ಆರ್ವೊ ಕೈಕೊಡಲು ಹೋದ. ಅವಳು ಅವನ ಕೈ ಸರಿಸಿ, ಸಿಲ್ವಿಯನ್ನು ಬಳಸಿಕೊಂಡು, ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಲೊರೇನಳ ಎದುರಿಗೆ ಬಂದಳು. ಅವಳ ಕೋಟಿನ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದಳು.

"ಲೊಲ್ಲಿ," ಎಂದಳು ಫಿನ್ನಿಶ್‌ನಲ್ಲಿ, ಮೆತ್ತಗೆ ಬೈಯುವ ದನಿಯಲ್ಲಿ. "ಮತ್ತೆ ಗುಂಡಿ ತಪ್ಪಿ ಹಾಕ್ಕೊಂಡಿದ್ದೀಯಲ್ಲೇ."

ಆ ಬೆರಳುಗಳು ಕೆಳಗಿನಿಂದ ಒಂದೊಂದೇ ಗುಂಡಿ ಬಿಚ್ಚಿ, ಸರಿಯಾದ ಕಾಜಿಗೆ ಸೇರಿಸುತ್ತ ಮೇಲಕ್ಕೆ ಬಂದವು. ಲೊರೇನ್ ಅಲುಗಲಿಲ್ಲ. ಕೈ ತಳ್ಳಲಿಲ್ಲ, ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿ, ಕತ್ತಿನ ಕೊನೆಯ ಗುಂಡಿಗೆ ಅನುಕೂಲವಾಗಲೆಂದು ಚಿಕ್ಕ ಹುಡುಗಿಯಂತೆ ಗಲ್ಲ ಮೇಲಕ್ಕೆತ್ತಿದಳು.

"ಇವರು ಯಾರೋ ನನಗೆ ಗೊತ್ತಿಲ್ಲ," ಎಂದಳು.